ಮೆದುಳಿನ ಆಪರೇಷನ್ ಆದ ಮೇಲೆ ಎಚ್ಚರ ಆಗುವುದು ಹೇಗೆ?

ತಂದೆಗೆ ಬ್ರೈನ್ ಟ್ಯೂಮರ್ ಆಪರೇಷನ್ ಇದೆ, ಮುಗಿದ ಮೇಲೆ ಇಂಜೆಕ್ಷನ್ ಕೊಟ್ಟು ಎಬ್ಬಿಸುತ್ತಾರಾ ಎಂದು ಕೇಳಿದ್ದೀರಿ. ನಾನು ಅರಿವಳಿಕೆ ಡಾಕ್ಟರ್. ಎಬ್ಬಿಸುವ ಇಂಜೆಕ್ಷನ್ ಅಂತ ಏನೂ ಇಲ್ಲ. ನಿದ್ದೆಯ ಔಷಧಿ ನಿಲ್ಲಿಸುತ್ತೇವೆ, ಅಷ್ಟೇ. ಸೆವೊಫ್ಲುರೇನ್ ಥರದ ಗ್ಯಾಸ್ ಆದರೆ ಉಸಿರಿನ ಜೊತೆ ಹೊರಗೆ ಹೋಗುತ್ತದೆ. ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್ ಆದರೆ ಮೆದುಳಿನಿಂದ ರಕ್ತಕ್ಕೆ ವಾಪಸ್ ಬಂದು ಮೈಯೆಲ್ಲ ಹಂಚಿಹೋಗುತ್ತದೆ. ಕೊನೆಯಲ್ಲಿ ಒಂದು ಇಂಜೆಕ್ಷನ್ ಕೊಡುವುದುಂಟು, ನಿಯೋಸ್ಟಿಗ್ಮಿನ್ ಅಥವಾ ಸುಗಮಡೆಕ್ಸ್. ಅದು ಆಪರೇಷನ್‌ಗಾಗಿ ನಾವೇ ಔಷಧಿಯಿಂದ ಸಡಿಲ ಮಾಡಿದ್ದ ಸ್ನಾಯುಗಳಿಗೆ ಬಲ ಬರಲಿ ಅಂತ, ಎಚ್ಚರಕ್ಕಲ್ಲ.

ಪಿತ್ತಕೋಶದ ಆಪರೇಷನ್ ಆದವರು ಇನ್ನರ್ಧ ಗಂಟೆ ಮಲಗಿದರೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಮೆದುಳಿನ ವಿಷಯದಲ್ಲಿ ಹಾಗಲ್ಲ. ರೋಗಿ ಎದ್ದು ಮಾತು ಕೇಳಿದರೆ ಮಾತ್ರ ಒಳಗೆ ಎಲ್ಲ ಸರಿಯಿದೆಯಾ ಅಂತ ತಿಳಿಯುವುದು. ಅದಕ್ಕೇ ಹೆಸರು ಹಿಡಿದು ಕರೆಯುತ್ತೇವೆ. "ಕಣ್ಣು ಬಿಡಿ, ನನ್ನ ಕೈ ಹಿಡ್ಕೊಳ್ಳಿ, ಈಗ ಬಿಡಿ, ಕಾಲ್ಬೆರಳು ಆಡಿಸಿ." ಎರಡೂ ಕಡೆ ಬಲ ಒಂದೇ ಥರ ಇದೆಯಾ, ಕಣ್ಣಿನ ಪಾಪೆ ಸಮ ಇದೆಯಾ ನೋಡುತ್ತೇವೆ. ಅಂದುಕೊಂಡಷ್ಟು ಹೊತ್ತಿಗೆ ಏಳದಿದ್ದರೆ ಉಳಿದ ಔಷಧಿ, ಮೈ ತಣ್ಣಗಾಗಿರುವುದು, ಸಕ್ಕರೆ, ಸೋಡಿಯಂ ಎಲ್ಲ ಪರೀಕ್ಷಿಸುತ್ತೇವೆ. ಕಾರಣ ಸಿಗದಿದ್ದರೆ, ಅಥವಾ ಒಂದು ಕಡೆ ಬಲ ಕಡಿಮೆ ಕಂಡರೆ, ಕಾಯದೆ ಸಿಟಿ ಸ್ಕ್ಯಾನ್. ಒಳಗೆ ರಕ್ತ ಕಟ್ಟಿರಬಹುದು ಅಲ್ವಾ?

ನಮಗೆ ನಿಜವಾದ ಕಷ್ಟ ಕೆಮ್ಮಿನದು. ಗಂಟಲಲ್ಲಿ ಉಸಿರಾಟದ ಟ್ಯೂಬ್ ಇರುವಾಗ ಎಚ್ಚರವಾದರೆ ಯಾರಿಗಾದರೂ ಕೆಮ್ಮು ಬರುತ್ತದೆ. ಜೋರಾಗಿ ಕೆಮ್ಮಿದರೆ ಬಿಪಿ ಏರುತ್ತದೆ, ತಲೆಯೊಳಗಿನ ಒತ್ತಡವೂ ಏರುತ್ತದೆ, ಆಗಷ್ಟೇ ನಿಲ್ಲಿಸಿದ ರಕ್ತ ಮತ್ತೆ ಒಸರಬಹುದು. ಬೇಗ ಏಳಬೇಕು, ಆದರೆ ಕೆಮ್ಮಬಾರದು! ಇದಕ್ಕಾಗಿ ನೋವಿನ ಔಷಧಿಯನ್ನು ಸ್ವಲ್ಪ ಉಳಿಸಿಕೊಂಡು, ಬಿಪಿಗೆ ಔಷಧಿ ಕೈಯಲ್ಲಿ ಹಿಡಿದುಕೊಂಡೇ ಟ್ಯೂಬ್ ತೆಗೆಯುತ್ತೇವೆ. ಆಪರೇಷನ್ ವೇಳೆ ತಲೆ ಅಲುಗದಂತೆ ಹಿಡಿದಿರುವ ಪಿನ್ನುಗಳನ್ನು ಅದಕ್ಕೂ ಮೊದಲೇ ತೆಗೆದಿರುತ್ತಾರೆ.

ಎಲ್ಲರನ್ನೂ ಥಿಯೇಟರಿನಲ್ಲೇ ಎಬ್ಬಿಸುವುದಿಲ್ಲ. ಮೆದುಳು ಊದಿಕೊಂಡಿದ್ದರೆ, ಅಥವಾ ನುಂಗುವ ನರಗಳ ಹತ್ತಿರ ಕೆಲಸ ನಡೆದಿದ್ದರೆ, ಟ್ಯೂಬ್ ಇಟ್ಟೇ ಐಸಿಯುಗೆ ಕಳಿಸುತ್ತೇವೆ. ವೆಂಟಿಲೇಟರ್ ನೋಡಿದ ತಕ್ಷಣ ಆಪರೇಷನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಟ್ಯೂಬ್ ತೆಗೆದವರಲ್ಲೂ ದನಿ ಒಡೆದಿರುತ್ತದೆ, ಕೆಲವರಿಗೆ ಕಣ್ಣಿನ ಸುತ್ತ ಊತ ಬರುತ್ತದೆ. ನರ್ಸ್ ರಾತ್ರಿಯೆಲ್ಲ ಎಬ್ಬಿಸಿ ಎಬ್ಬಿಸಿ ಮಾತಾಡಿಸುತ್ತಾರೆ, ಸುಮ್ನೆ ಕಾಟ ಕೊಡುತ್ತಿದ್ದಾರೆ ಅನಿಸುತ್ತದೆ. ಅದೂ ಅದೇ ಪರೀಕ್ಷೆ.

ತಂದೆಯವರಿಗೆ ಕಿವಿ ಮಂದವೇ? ಒಂದು ಕೈ ಮೊದಲೇ ಸೋತಿದೆಯಾ? ಕಣ್ಣಿನ ಪೊರೆ ತೆಗೆಸಿದ್ದಾರಾ? ತುಳುವೋ ಉರ್ದುವೋ ಬಿಟ್ಟರೆ ಬೇರೆ ಮಾತು ಬಾರದೆ? ಎಬ್ಬಿಸಿ ಪರೀಕ್ಷಿಸುವಾಗ ತಪ್ಪು ತಿಳಿಯದಿರಲಿ ಅಂತ ಇದನ್ನೆಲ್ಲ ಹಿಂದಿನ ದಿನ ನೋಡಲು ಬರುವ ಅರಿವಳಿಕೆ ಡಾಕ್ಟರಿಗೆ ಹೇಳಿಬಿಡಿ.