ಗೇಣು ನೀರಿಗೆ ಯಾವ ದೋಣಿ?

ಪ್ರಶ್ನೆ: ನಾವು ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ಗೆ ಬಂದು ಆರು ವರ್ಷವಾಯಿತು. ಇಷ್ಟು ದಿನ ರಕಾಯಾ ನದಿಯ ದಡದಲ್ಲಿ ನಿಂತೇ ಸಾಲ್ಮನ್‌ಗೆ ಗಾಳ ಹಾಕುತ್ತಿದ್ದೆ. ಈಗ ಒಂದು ಹಳೆಯ ಜೆಟ್ ಬೋಟ್ ಕೊಳ್ಳುವ ಮನಸ್ಸಾಗಿದೆ. ಬೇಸಿಗೆಯಲ್ಲಿ ಮನೆಯವರನ್ನು ಕರೆದುಕೊಂಡು ಸರೋವರಕ್ಕೂ ಹೋಗಬೇಕು. ಎರಡಕ್ಕೂ ಒಂದೇ ಬೋಟ್ ಆದೀತಾ? ಕೊಳ್ಳುವಾಗ ಏನು ನೋಡಬೇಕು?
– ಓದುಗರೊಬ್ಬರು, ಕ್ರೈಸ್ಟ್‌ಚರ್ಚ್

ಉತ್ತರ: ಮೊದಲು ಒಂದು ಕೆಲಸ ಮಾಡಿ. ಕಳೆದ ವರ್ಷ ಎಷ್ಟು ದಿನ ನದಿಗೆ ಹೋದಿರಿ, ಎಷ್ಟು ದಿನ ಸರೋವರಕ್ಕೆ ಹೋದಿರಿ ಅಂತ ಕ್ಯಾಲೆಂಡರ್ ತೆಗೆದು ಎಣಿಸಿ. ಸರೋವರದ ದಿನಗಳೇ ಜಾಸ್ತಿ ಇದ್ದರೆ ಜೆಟ್ ಬೇಡ. ತಳದ ಕೆಳಗೆ ರೆಕ್ಕೆ ತಿರುಗುವ ಒಳ್ಳೆಯ ಪ್ರೊಪೆಲ್ಲರ್ ಬೋಟ್ ತೆಗೆದುಕೊಳ್ಳಿ.

ಜೆಟ್ ಅಂದರೆ ದೋಣಿಯ ಹೊಟ್ಟೆಯೊಳಗೆ ಕೂತ ಒಂದು ಪಂಪು, ಅಷ್ಟೇ. ತಳದ ಜಾಲರಿಯಿಂದ ನೀರು ಎಳೆದು, ಹಿಂದಿನ ಮೂತಿಯಿಂದ ಜೋರಾಗಿ ಉಗುಳುತ್ತದೆ. ಎಳೆಯುವಾಗ ನೀರಿನ ಜೊತೆ ಪಾಚಿ, ಜೊಂಡು, ಕಸ ಎಲ್ಲವೂ ಬರುತ್ತವೆ. ಸರೋವರದ ಅಂಚಿನಲ್ಲಿ ಕಳೆ ಬೆಳೆದಿದ್ದರೆ ಐದು ನಿಮಿಷಕ್ಕೊಮ್ಮೆ ಜಾಲರಿ ಬಿಡಿಸುತ್ತಾ ಕೂರಬೇಕಾಗುತ್ತದೆ. ಎಂಜಿನ್‌ನ ಬಲವೂ ಸ್ವಲ್ಪ ಸೋರುತ್ತದೆ. ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದೆ ತೂಗುಹಾಕುವ ಎಂಜಿನ್‌ಗೆ ಪ್ರೊಪೆಲ್ಲರ್ ತೆಗೆದು ಜೆಟ್ ಕೂರಿಸಿದರೆ ಸುಮಾರು ಶೇಕಡಾ 30ರಷ್ಟು ಬಲ ಕಡಿಮೆಯಾಗುತ್ತದೆ. 60 ಕುದುರೆಬಲದ ಎಂಜಿನ್‌ಗೆ ಜೆಟ್ ಹಾಕಿ 40 ಅಂತ ಮಾರುವುದು ಇದಕ್ಕೇ. ಗಾಳ ಎಳೆಯುತ್ತಾ ನಿಧಾನ ಹೋಗುವಾಗಲೂ ಜೆಟ್ ಬೋಟಿನ ಮೂತಿ ನೇರ ನಿಲ್ಲುವುದಿಲ್ಲ. ಆ ಕಡೆ ಈ ಕಡೆ ಅಲೆಯುತ್ತಿರುತ್ತದೆ.

ನದಿಯ ದಿನಗಳೇ ಜಾಸ್ತಿ ಇದ್ದರೆ ಮಾತು ಬೇರೆ. ರಕಾಯಾ, ವೈಮಕರಿರಿ, ರಂಗಿತಾಟಾ ಇವೆಲ್ಲ ಜಡೆ ಹೆಣೆದ ಹಾಗೆ ಹತ್ತಾರು ಎಳೆಯಾಗಿ ಹರಿಯುವ ನದಿಗಳು. ನಿನ್ನೆ ಮೊಣಕಾಲು ನೀರಿದ್ದ ಎಳೆಯಲ್ಲಿ ಪ್ರವಾಹ ಇಳಿದ ಮೇಲೆ ಬರೀ ಬೆಣಚುಕಲ್ಲು. ಅಲ್ಲಿ ಪ್ರೊಪೆಲ್ಲರ್ ಇಳಿಸಿದರೆ ಮೊದಲ ತಿರುವಿನಲ್ಲೇ ರೆಕ್ಕೆ ಮುರಿಯುತ್ತದೆ. ಜೆಟ್ ಹುಟ್ಟಿದ್ದೇ ಈ ನದಿಗಳಿಗಾಗಿ. ಮೆಕೆಂಝಿ ಸೀಮೆಯ ಐರಿಶ್‌ಮನ್ ಕ್ರೀಕ್‌ನಲ್ಲಿ ಕುರಿ ಸಾಕುತ್ತಿದ್ದ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದನ್ನು ಹದಕ್ಕೆ ತಂದರು. ನೀರು ಎಳೆದು ಉಗುಳುವ ಪಂಪು ಅವರಿಗಿಂತ ಮೊದಲೂ ಇತ್ತು. ಅವರು ಉಗುಳುವ ಮೂತಿಯನ್ನು ನೀರಿನ ಮಟ್ಟದ ಮೇಲಕ್ಕೆ ತಂದರು. ವೇಗ ಏರಿತು, ತಳದ ಕೆಳಗೆ ಚಾಚಿಕೊಂಡಿರುವುದು ಏನೂ ಉಳಿಯಲಿಲ್ಲ. 1960ರಲ್ಲಿ ಅವರ ಬೋಟುಗಳು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಕೊಲೊರಾಡೊ ನದಿಯನ್ನು ಪ್ರವಾಹದ ಎದುರಿಗೆ ಹತ್ತಿದವು.

ಈಗ ನೀವು ಬೋಟು ನೋಡಲು ಹೋಗುವ ದಿನಕ್ಕೆ ಬರೋಣ. ಬಣ್ಣ, ಸೀಟು, ಮೀನು ಹುಡುಕುವ ಪರದೆ ಎಲ್ಲ ಆಮೇಲೆ. ಟ್ರೇಲರ್ ಕೆಳಗೆ ಒಂದು ಚಾಪೆ ಹಾಸಿ, ಟಾರ್ಚ್ ಹಿಡಿದು ಅಂಗಾತ ಮಲಗಿ. ಜಾಲರಿಯ ಸರಳುಗಳ ನಡುವಿನಿಂದ ಬೆಳಕು ಬಿಡಿ. ಒಳಗೆ ಇಂಪೆಲ್ಲರ್, ಅಂದರೆ ನೀರು ಎಳೆಯುವ ತಿರುಗುಚಕ್ರ ಕಾಣುತ್ತದೆ. ಅದರ ಎಲೆಗಳ ಅಂಚು ಕತ್ತಿಯ ಬಾಯಿಯ ಹಾಗೆ ನೇರವಾಗಿರಬೇಕು. ಕಲ್ಲು ನುಂಗಿದ ಇಂಪೆಲ್ಲರ್‌ನ ಅಂಚು ಗರಗಸದ ಹಲ್ಲಿನ ಹಾಗೆ ಕಚ್ಚುಕಚ್ಚಾಗಿ, ಮೊಂಡಾಗಿ ಇರುತ್ತದೆ. ಸಣ್ಣ ಕಚ್ಚಾದರೆ ಅರದಲ್ಲಿ ಉಜ್ಜಿ ಸರಿಮಾಡಬಹುದು. ಆಮೇಲೆ ಎಲೆಯ ತುದಿಗೂ ಸುತ್ತಲಿನ ಬಳೆಗೂ ನಡುವಿನ ಸಂದು ನೋಡಿ. ಅದು ಒಂದು ಮಿಲಿಮೀಟರ್ ದಾಟಿದ್ದರೆ ಪಂಪು ಸವೆದಿದೆ ಅಂತ ತಿಳಿಯಿರಿ. ರಿಪೇರಿಯ ಹಣ ಬೆಲೆಯಲ್ಲಿ ಕಳೆದೇ ಮಾತಾಡಿ.

ತಳದ ಅಲ್ಯೂಮಿನಿಯಂ ತಗಡು 4 ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ ನಾನಂತೂ ಕೊಳ್ಳುವುದಿಲ್ಲ. 5 ಇದ್ದರೆ ನೆಮ್ಮದಿ. ಜಾಲರಿಯ ನೇರ ಮುಂದೆ ಉಬ್ಬಿದ ಪಟ್ಟಿ, ಏಣು ಯಾವುದೂ ಇರಬಾರದು. ಅದು ಗಾಳಿಯ ಗುಳ್ಳೆಗಳನ್ನು ಪಂಪಿಗೆ ತಳ್ಳುತ್ತದೆ. ಪಂಪಿಗೆ ಗಾಳಿ ಹೊಕ್ಕರೆ ಎಂಜಿನ್ ಕಿರುಚುತ್ತದೆ, ಬೋಟು ಮುಂದೆ ಹೋಗುವುದಿಲ್ಲ. ಇದು ನೀರಿಗೆ ಇಳಿಸಿದಾಗಲೇ ಗೊತ್ತಾಗುವುದು. ಹಾಗಾಗಿ ನದಿಯಲ್ಲಿ ಓಡಿಸಿ ತೋರಿಸದ ಬೋಟಿಗೆ ಮುಂಗಡ ಕೊಡಬೇಡಿ. ಉದ್ದ 4.5 ಮೀಟರ್ ಆಸುಪಾಸು ಸಾಕು. ಕಲ್ಲಿನ ಮೇಲೆ ಕೂತರೆ ಇಬ್ಬರು ನೂಕಬಹುದಾದಷ್ಟು ಹಗುರ ಇರಲಿ. ಸರೋವರದ ದಿನಗಳಿಗೆ ಹಿಂದೆ ಒಂದು ಪುಟ್ಟ ಔಟ್‌ಬೋರ್ಡ್ ತೂಗುಹಾಕಿಕೊಳ್ಳಿ. ಗಾಳ ಎಳೆಯುವುದಕ್ಕೂ ಆಯಿತು, ದೊಡ್ಡ ಎಂಜಿನ್ ನಿಂತರೆ ಮನೆಗೆ ಬರುವುದಕ್ಕೂ ಆಯಿತು.

ಇನ್ನು ಓಡಿಸುವ ವಿಚಾರ. ಇದನ್ನು ದಯವಿಟ್ಟು ಎರಡು ಸಲ ಓದಿ. ಜೆಟ್ ಬೋಟಿಗೆ ಬೇರೆ ಚುಕ್ಕಾಣಿ ಇಲ್ಲ. ಉಗುಳುವ ನೀರೇ ಚುಕ್ಕಾಣಿ. ಆಕ್ಸಿಲರೇಟರ್ ಬಿಟ್ಟ ಕ್ಷಣ ತಿರುಗಿಸುವ ಶಕ್ತಿಯೂ ಹೋಯಿತು. ವೇಗದಲ್ಲಿ ಬೋಟು ನೀರಿನ ಮೇಲೆ ಎದ್ದು ತೇಲುತ್ತದೆ, ಆಗ ಅರ್ಧ ಗೇಣು ನೀರೂ ಸಾಕಾಗುತ್ತದೆ. ನಿಧಾನ ಮಾಡಿದರೆ ಕೆಳಗೆ ಕೂರುತ್ತದೆ, ಒಂದೂವರೆ ಗೇಣು ಬೇಕಾಗುತ್ತದೆ. ನಾನು ಹೊನ್ನಾವರದವನು. ಶರಾವತಿ ಅಳಿವೆಯಲ್ಲಿ ಅಪ್ಪ ಗಳ ಹಾಕಿ ದೋಣಿ ನೂಕುವುದನ್ನು ನೋಡಿ ಬೆಳೆದವನು. ನೀರು ತೆಳುವಾದರೆ ನಿಧಾನ ಮಾಡು ಅನ್ನುವುದು ಮೈಯಲ್ಲೇ ಕೂತಿತ್ತು. ಮೊದಲ ವರ್ಷ ರಕಾಯಾದಲ್ಲಿ ಎದುರಿಗೆ ಕಲ್ಲಿನ ದಿಬ್ಬ ಕಂಡಾಗ ಕಾಲು ತಾನಾಗೇ ಮೇಲೆದ್ದಿತು. ಬೋಟು ಕೂತಿತು, ತಿರುಗಲಿಲ್ಲ, ಸೀದಾ ಹೋಗಿ ದಿಬ್ಬ ಹತ್ತಿತು. ಮಗ ಮುಂದಿನ ಗಾಜಿಗೆ ಹೊಡೆದುಕೊಂಡ, ಹುಬ್ಬಿಗೆ ನಾಲ್ಕು ಹೊಲಿಗೆ ಬಿತ್ತು. ಸಲಿಕೆಯಲ್ಲಿ ಕಲ್ಲು ಬಗೆದು, ಕೈರಾಟೆ ಕಟ್ಟಿ ಎಳೆದು, ಕತ್ತಲಾದ ಮೇಲೆ ನೀರಿಗೆ ಇಳಿಸಿದೆವು. ಅಂದಿನಿಂದ ಸಲಿಕೆ, ಕೈರಾಟೆ, ಹಗ್ಗ ಬೋಟಿನಿಂದ ಇಳಿದಿಲ್ಲ.

ಅದಕ್ಕೇ ಹೇಳುವುದು, ಮೊದಲ ಹತ್ತು ಸಲ ಅನುಭವಸ್ಥರ ಜೊತೆ ಹೋಗಿ. ಜೆಟ್ ಬೋಟಿಂಗ್ ನ್ಯೂಜಿಲೆಂಡ್ ಸಂಘದ ಶಾಖೆಗಳಲ್ಲಿ ಹೊಸಬರಿಗೆ ಹೇಳಿಕೊಡುವವರು ಸಿಗುತ್ತಾರೆ. ದಡದಿಂದ 200 ಮೀಟರ್ ಒಳಗೆ 5 ನಾಟ್ (ಗಂಟೆಗೆ ಸುಮಾರು 9 ಕಿ.ಮೀ.) ಮೀರಬಾರದು ಅನ್ನುವುದು ಇಲ್ಲಿನ ನಿಯಮ. ನದಿಯಲ್ಲಿ ಅದನ್ನು ಸಡಿಲಿಸಿದ ಭಾಗಗಳಲ್ಲಿ ಮಾತ್ರ ವೇಗವಾಗಿ ಓಡಿಸಬಹುದು. ಯಾವ ಭಾಗ, ಯಾವ ತಿಂಗಳು ಅಂತ ಪ್ರಾದೇಶಿಕ ಕೌನ್ಸಿಲ್‌ನ ನಿಯಮ ನೋಡಿಕೊಂಡೇ ಹೊರಡಿ.

ಪ್ರಶ್ನೆ: ಮನೆಯವರು ಜೆಟ್ ಬೋಟ್ ತಂದಿದ್ದಾರೆ. ಮಗಳಿಗೆ ಏಳು ವರ್ಷ. ಅವಳನ್ನು ಕಳಿಸಲು ನನಗೆ ಧೈರ್ಯ ಬರುತ್ತಿಲ್ಲ. ಇನ್ನೊಂದು, ಪ್ರತಿ ಸಲವೂ ಬೋಟು ತೊಳೆಯಬೇಕಂತೆ, ಹೌದಾ?
– ತಿಮಾರುವಿನಿಂದ ಒಬ್ಬ ಗೃಹಿಣಿ

ಉತ್ತರ: ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ, ತಂಗಿ. ಈ ವರ್ಷ ಅವಳು ಸರೋವರಕ್ಕೆ ಮಾತ್ರ ಹೋಗಲಿ. ಅವಳ ಅಳತೆಯದೇ ಲೈಫ್ ಜಾಕೆಟ್ ಬೇಕು. ದೊಡ್ಡವರದ್ದನ್ನು ಬಿಗಿದು ಕಟ್ಟಿದರೆ ನೀರಿಗೆ ಬಿದ್ದಾಗ ತಲೆಯ ಮೇಲಿಂದ ಜಾರಿ ಹೋಗುತ್ತದೆ. ಭುಜದ ಪಟ್ಟಿ ಹಿಡಿದು ಮೇಲೆತ್ತಿ ನೋಡಿ, ಜಾಕೆಟ್ ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು. ಎಂಜಿನ್ ಓಡುವಾಗ ಬೋಟಿನ ಹಿಂಭಾಗಕ್ಕೆ ಯಾರೂ ಈಜಿ ಬರಬಾರದು. ಜಾಲರಿಗೆ ಉದ್ದ ಕೂದಲು, ಸಡಿಲ ಬಟ್ಟೆ, ಹಗ್ಗ ಸಿಕ್ಕಿದರೆ ಬಿಡುವುದಿಲ್ಲ.

ತೊಳೆಯುವುದು ಹೌದು. 2004ರಲ್ಲಿ ಸೌತ್‌ಲ್ಯಾಂಡ್‌ನ ವೈಯಾವು ನದಿಯಲ್ಲಿ ನದಿಯ ತಳವನ್ನೇ ಮುಚ್ಚುವ ಡಿಡಿಮೊ ಅನ್ನುವ ಪಾಚಿ ಕಂಡಿತು. ಒಂದು ಹನಿ ನೀರಿನಲ್ಲೂ ಅದು ಇನ್ನೊಂದು ನದಿಗೆ ಹೋಗಬಲ್ಲದು. ಕಸ ತೆಗೆಯಿರಿ, ಪಾತ್ರೆ ಸಾಬೂನಿನ ನೀರಲ್ಲಿ ತೊಳೆಯಿರಿ, ಮುಟ್ಟಿದರೆ ಒಣಗಿದೆ ಅನ್ನಿಸಿದ ಮೇಲೂ 48 ಗಂಟೆ ಬಿಡಿ. ಪಂಪಿನೊಳಗೆ ನೀರು ಉಳಿದಿರುತ್ತದೆ, ಅದನ್ನು ಮರೆಯಬೇಡಿ.

ಪ್ರಶ್ನೆ: ನಮ್ಮ ಲಿಂಗನಮಕ್ಕಿ ಹಿನ್ನೀರಿಗೆ, ಹಂಪಿಯ ತುಂಗಭದ್ರೆಗೆ ಜೆಟ್ ದೋಣಿ ಆಗುತ್ತದಾ?
– ಸಾಗರದ ಓದುಗರು

ಉತ್ತರ: ಭಾರತದ ನದಿಯಲ್ಲಿ ಜೆಟ್ ಓಡಿದ ದೊಡ್ಡ ಕಥೆಯೇ ಇದೆ. 1977ರಲ್ಲಿ ಎಡ್ಮಂಡ್ ಹಿಲರಿ ಮೂರು ಜೆಟ್ ಬೋಟುಗಳಲ್ಲಿ ಸಮುದ್ರದ ಕಡೆಯಿಂದ ಗಂಗೆಯನ್ನು ಹತ್ತುತ್ತಾ ಹೋದರು. ನಂದಪ್ರಯಾಗದ ಬಳಿ ಜಲಪಾತ ಅಡ್ಡ ಬಂದು ಬೋಟುಗಳು ನಿಂತವು. ಆದರೆ ನಿಮ್ಮ ಹಿನ್ನೀರು ಆಳದ ನೀರು, ಒಳಗೆ ಮುಳುಗಿದ ಮರದ ಬೊಡ್ಡೆಗಳು. ವೇಗದಲ್ಲಿ ಬೊಡ್ಡೆಗೆ ತಾಗಿದರೆ ತಳವೇ ಹರಿಯುತ್ತದೆ, ಅಲ್ಲಿ ಜೆಟ್‌ನಿಂದ ಲಾಭವಿಲ್ಲ. ಹಂಪಿಯಲ್ಲಂತೂ ಹರಿಗೋಲು ಇದೆಯಲ್ವಾ. ಗೇಣು ನೀರಲ್ಲಿ ತೇಲುತ್ತದೆ, ಬಂಡೆಗೆ ತಾಗಿದರೆ ಸುಮ್ನೆ ಸುತ್ತಿ ಜಾರಿಕೊಳ್ಳುತ್ತದೆ, ಸದ್ದಿಲ್ಲದೆ ಮೀನಿನ ಹತ್ತಿರ ಹೋಗುತ್ತದೆ. ಅಲ್ಲಿ ಮೀನು ಹಿಡಿಯಲು ನಾನಾದರೂ ಅದನ್ನೇ ಹತ್ತುತ್ತೇನೆ.