ರಿಪೋರ್ಟ್‌ನಲ್ಲಿ ‘ಗ್ಯಾಸ್‌ನಿಂದ ಕಾಣಲಿಲ್ಲ’ ಅಂತ ಬಂದರೆ ಬೇರೆ ಮಷಿನ್ ಹುಡುಕಬೇಡಿ

ಊಟವಾದ ಮೇಲೆ ನಿಮ್ಮ ತಂದೆಗೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿದರೆ ‘ಪಿತ್ತಕೋಶ ಕುಗ್ಗಿದೆ, ಗ್ಯಾಸ್‌ನಿಂದ ಪೂರ್ತಿ ಕಾಣಲಿಲ್ಲ’ ಅಂತ ರಿಪೋರ್ಟ್. ಬಾಗಲಕೋಟೆಯ ಮಷಿನ್ ಹಳೆಯದಿರಬೇಕು, ಬೆಳಗಾವಿಗೆ ಹೋಗಿ ನೇರ ಸಿಟಿ ಸ್ಕ್ಯಾನ್ ಮಾಡಿಸಲಾ ಅಂತ ಕೇಳಿದ್ದೀರಿ. ಈಗಲೇ ಹೊರಡಬೇಡಿ. ಮೊದಲು ಇದು ಹೇಳಿ: ಸ್ಕ್ಯಾನ್ ದಿನ ಬೆಳಿಗ್ಗೆ ತಂದೆ ಚಹಾ ಕುಡಿದಿದ್ದರಾ?

ನಮ್ಮ ಅವ್ವನ ರಿಪೋರ್ಟ್‌ನಲ್ಲೂ ಇದೇ ಸಾಲಿತ್ತು. ನಮ್ಮದು ಮುಧೋಳದ ಕಡೆ ಹಳ್ಳಿ. ಸ್ಕ್ಯಾನ್‌ಗೆ ಬಾಗಲಕೋಟೆಯ ನವನಗರಕ್ಕೆ ಅಂತ ಬೆಳಗಿನ ಬಸ್ಸು ಹಿಡಿದಿದ್ದೆವು. ಲೋಕಾಪುರದಲ್ಲಿ ಬಸ್ಸು ನಿಂತಾಗ ಅವ್ವ ಒಂದು ಕಪ್ ಚಹಾ ಕುಡಿದಳು. ನಾನು ಕಟ್ಟಿಸಿಕೊಂಡಿದ್ದ ಉಪ್ಪಿಟ್ಟಿನಲ್ಲಿ ಒಂದೆರಡು ತುತ್ತು ಬಾಯಿಗೆ ಹಾಕಿಕೊಂಡಳು. ಸ್ಕ್ಯಾನ್ ರೂಮಿನಲ್ಲಿ ಡಾಕ್ಟರ್ ಕೇಳಿದರು, ‘ಏನರ ತಿಂದು ಬಂದೀರೇನ್ರಿ?’ ಅವ್ವ ನನ್ನ ಮುಖ ನೋಡಿದಳು. ನಾನೇ ಉತ್ತರ ಕೊಟ್ಟೆ, ‘ಇಲ್ರಿ, ಬರೇ ಹೊಟ್ಟಿ.’ ನಮ್ಮ ಕಡೆ ಚಹಾ ಕುಡಿದದ್ದು ತಿಂದ ಲೆಕ್ಕಕ್ಕೆ ಬರುವುದೇ ಇಲ್ಲ ಅಲ್ವಾ? ಏಕಾದಶಿಯ ಉಪವಾಸಕ್ಕೂ ಎಷ್ಟೋ ಮನೆಗಳಲ್ಲಿ ಚಹಾ ನಡೆಯುತ್ತದೆ. ಎರಡು ತುತ್ತಿಗೋಸ್ಕರ ವಾಪಸ್ ಕಳಿಸಿದರೆ ದಿನವೆಲ್ಲ ಹಾಳು, ಇದು ನನ್ನ ತಲೆಯಲ್ಲಿದ್ದ ಇನ್ನೊಂದು ಲೆಕ್ಕ.

ಆ ಒಂದು ‘ಇಲ್ರಿ’ ಏನು ಮಾಡಿತು ಅಂತ ಬಿಡಿಸಿ ಹೇಳುತ್ತೇನೆ, ಉದ್ದವಾದರೂ ಓದಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಪ್ರತಿಧ್ವನಿಯ ಪಾಠ ವರ್ಷಾ ವರ್ಷ ಮಾಡುತ್ತೇನೆ. ಆ ಪಾಠವೇ ಅವ್ವನ ಹೊಟ್ಟೆಯ ಮೇಲೆ ನಡೆಯುತ್ತಿದೆ ಅನ್ನುವುದು ಆ ಹೊತ್ತಿಗೆ ಹೊಳೆಯಲಿಲ್ಲ.

ಪಿತ್ತಕೋಶ ಲಿವರ್‌ನ ಅಡಿಯಲ್ಲಿ ಅಂಟಿಕೊಂಡಿರುವ ಸಣ್ಣ ಚೀಲ. ರಾತ್ರಿಯಿಡೀ ಏನೂ ತಿನ್ನದಿದ್ದರೆ ಅದು ಪಿತ್ತರಸದಿಂದ ತುಂಬಿ ಉಬ್ಬಿರುತ್ತದೆ. ಎಣ್ಣೆಯೋ ಹಾಲಿನ ಕೊಬ್ಬೋ ಸಣ್ಣ ಕರುಳಿಗೆ ಇಳಿಯಿತು ಅಂದರೆ ಅಲ್ಲಿಂದ ಒಂದು ಹಾರ್ಮೋನ್ ರಕ್ತಕ್ಕೆ ಸೇರಿ ಚೀಲವನ್ನು ಹಿಂಡುತ್ತದೆ. ರಸವೆಲ್ಲ ಕರುಳಿಗೆ ಹರಿದು ಚೀಲ ಮುದುಡಿಕೊಳ್ಳುತ್ತದೆ. ಮುದುಡಿದಾಗ ಅದರ ಗೋಡೆ ಮಡಿಚಿ ದಪ್ಪಗೆ ಕಾಣುತ್ತದೆ. ರಸ ತುಂಬಿದ ಚೀಲದ ಗೋಡೆ ಸಾಮಾನ್ಯವಾಗಿ 3 ಮಿಲಿಮೀಟರ್ ಒಳಗಿರಬೇಕು. ಅದನ್ನು ಮುದುಡಿದ ಚೀಲದಲ್ಲಿ ಅಳೆದರೆ ಊತವೋ ಮಡಿಕೆಯೋ ಹೇಳುವುದು ಕಷ್ಟ.

ಈಗ ಶಬ್ದದ ಕಡೆಗೆ ಬರೋಣ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗೆ ಮಾತ್ರ ಕೇಳಿಸುತ್ತದೆ. ಹೊಟ್ಟೆಯ ಸ್ಕ್ಯಾನ್‌ಗೆ ಬಳಸುವ ಪ್ರೋಬ್, ಅಂದರೆ ಡಾಕ್ಟರ್ ಹೊಟ್ಟೆಯ ಮೇಲೆ ಆಡಿಸುವ ಹಿಡಿಕೆ, ಸೆಕೆಂಡಿಗೆ ಸುಮಾರು 20ರಿಂದ 50 ಲಕ್ಷ ಕಂಪನದ ಶಬ್ದ ಕಳಿಸುತ್ತದೆ. ಅದು ಮೈಯೊಳಗೆ ಸೆಕೆಂಡಿಗೆ ಸರಾಸರಿ 1540 ಮೀಟರ್ ವೇಗದಲ್ಲಿ ಹೋಗುತ್ತದೆ ಅಂತ ಮಷಿನ್ ಲೆಕ್ಕ ಹಿಡಿಯುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು 13 ಮೈಕ್ರೋಸೆಕೆಂಡ್. ಎಷ್ಟು ಹೊತ್ತಿಗೆ ವಾಪಸ್ ಬಂತು ಅನ್ನುವುದರಿಂದ ಆಳ ಗೊತ್ತಾಗುತ್ತದೆ, ಎಷ್ಟು ಜೋರಾಗಿ ಬಂತು ಅನ್ನುವುದರಿಂದ ಪರದೆಯ ಮೇಲಿನ ಚುಕ್ಕೆ ಎಷ್ಟು ಬೆಳ್ಳಗಿರಬೇಕು ಅನ್ನುವುದು.

ಶಬ್ದ ವಾಪಸ್ ಬರುವುದು ಎರಡು ಬೇರೆ ಬೇರೆ ವಸ್ತು ಕೂಡುವ ಗಡಿಯಲ್ಲಿ. ಲಿವರ್ ಮತ್ತು ಕಿಡ್ನಿಯ ಗಡಿಯಲ್ಲಿ ನೂರಕ್ಕೆ ಒಂದು ಪಾಲೂ ತಿರುಗುವುದಿಲ್ಲ, ಉಳಿದದ್ದು ಮುಂದೆ ಹೋಗುತ್ತದೆ. ಹಾಗೆ ಮುಂದೆ ಹೋಗುವುದರಿಂದಲೇ ಆಳದ ಚಿತ್ರ ಸಿಗುತ್ತದೆ. ಪಿತ್ತರಸ ಬರೀ ದ್ರವ, ಒಳಗೆ ಗಡಿಯೇ ಇಲ್ಲ, ಹಾಗಾಗಿ ಕಪ್ಪಗೆ ಕಾಣುತ್ತದೆ. ಚೀಲದಲ್ಲಿ ಪಿತ್ತದ ಕಲ್ಲಿದ್ದರೆ ಅದಕ್ಕೆ ಬಡಿದ ಶಬ್ದದಲ್ಲಿ ಒಂದಷ್ಟು ಜೋರಾಗಿ ತಿರುಗಿ ಬರುತ್ತದೆ, ಮಿಕ್ಕಿದ್ದನ್ನು ಕಲ್ಲೇ ಹೀರಿಕೊಳ್ಳುತ್ತದೆ. ಅದರ ಹಿಂದಕ್ಕೆ ಏನೂ ತಲುಪುವುದಿಲ್ಲ. ಕಪ್ಪು ಚೀಲ, ಒಳಗೆ ಬೆಳ್ಳನೆಯ ಚುಕ್ಕೆ, ಚುಕ್ಕೆಯ ಹಿಂದೆ ಅಚ್ಚುಕಟ್ಟಾದ ಕಪ್ಪು ಪಟ್ಟಿ: ಡಾಕ್ಟರ್ ಹುಡುಕುವುದು ಇದನ್ನೇ.

ಚೀಲ ಖಾಲಿಯಾದರೆ ಆ ಕಪ್ಪು ಹಿನ್ನೆಲೆಯೇ ಹೋಯಿತು. ಪಕ್ಕದಲ್ಲೇ ಕರುಳು, ಅದರಲ್ಲಿ ಗಾಳಿ. ಬಿಸಿ ಚಹಾ ಸೊರ್ ಅಂತ ಹೀರುವಾಗ ಇನ್ನಷ್ಟು ಗಾಳಿ ಒಳಗೆ ಹೋಗುತ್ತದೆ. ಮಾಂಸದಿಂದ ಗಾಳಿಗೆ ಬರುವ ಗಡಿಯಲ್ಲಿ ಶಬ್ದದ ನೂರಕ್ಕೆ 99ಕ್ಕಿಂತ ಜಾಸ್ತಿ ಪಾಲು ವಾಪಸ್ ಬರುತ್ತದೆ. ಚಳಿಗಾಲದ ಮಂಜಿನಲ್ಲಿ ಗಾಡಿಯ ಹೆಡ್‌ಲೈಟ್ ಹಾಕಿದರೆ ಬೆಳಕೆಲ್ಲ ನಮ್ಮ ಕಣ್ಣಿಗೇ ಬಡಿಯುತ್ತದಲ್ಲ, ರಸ್ತೆ ಕಾಣುವುದಿಲ್ಲ, ಹಾಗೆ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುವುದೂ ಇದಕ್ಕೇ. ಪ್ರೋಬ್ ಮತ್ತು ಚರ್ಮದ ನಡುವೆ ತೆಳ್ಳಗೆ ಗಾಳಿ ಉಳಿದರೂ ಶಬ್ದ ಮೈಯೊಳಗೇ ಇಳಿಯುವುದಿಲ್ಲ.

ಆದ್ದರಿಂದ ಹೊಸ ಮಷಿನ್ ಬಂದರೂ ಗಾಳಿಯ ಮುಂದೆ ಅದರ ಆಟ ಅಷ್ಟಕ್ಕಷ್ಟೇ. ಕಂಪನ ಹೆಚ್ಚಿಸಿದರೆ ಚಿತ್ರ ಚುರುಕಾಗುತ್ತದೆ ನಿಜ, ಆದರೆ ಶಬ್ದ ಬೇಗ ಸೋತು ಆಳಕ್ಕೆ ಇಳಿಯುವುದಿಲ್ಲ. ಅದು ಥೈರಾಯ್ಡ್‌ನಂಥ ಚರ್ಮದ ಹತ್ತಿರದ ಭಾಗಕ್ಕೆ ಸರಿ.

ನಾವು ಮಾಡಿದ್ದೇನು? ‘ಕಾಣಲಿಲ್ಲ’ ಅಂತ ಬರೆದದ್ದನ್ನು ‘ಇಲ್ಲ’ ಅಂತ ಓದಿಕೊಂಡೆವು. ಕಲ್ಲಿಲ್ಲ, ಬರೀ ಗ್ಯಾಸ್ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಅವ್ವ ತಿಂಗಳುಗಟ್ಟಲೆ ಆಸಿಡಿಟಿ ಗುಳಿಗೆ ನುಂಗಿದಳು. ಸುಗ್ಗಿಯ ಹೊತ್ತಿಗೆ ಒಂದು ರಾತ್ರಿ ನೋವು ಬೆನ್ನಿಗೆ, ಬಲ ಭುಜಕ್ಕೆ ಹಬ್ಬಿತು. ಚಳಿ ಜ್ವರ, ವಾಂತಿ. ವಿಜಯಪುರಕ್ಕೆ ಕರೆದುಕೊಂಡು ಓಡಿದೆವು.

ಅಲ್ಲಿ ಸ್ಕ್ಯಾನ್ ಮಾಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹಿಂದಿನ ಸಂಜೆಯಿಂದ ಅವ್ವನ ಹೊಟ್ಟೆಗೆ ಏನೂ ಇಳಿದಿರಲಿಲ್ಲ. ಪರದೆಯ ಮೇಲೆ ಕಪ್ಪು ಚೀಲ ದೊಡ್ಡದಾಗಿ ಕಂಡಿತು. ‘ಉಸಿರು ಎಳೆದು ಹಿಡೀರಿ ಅವ್ವಾ’ ಅಂದರು. ಲಿವರ್ ಕೆಳಗೆ ಸರಿದು ಪಕ್ಕೆಲುಬಿನ ಅಡ್ಡಿ ತಪ್ಪಿತು. ಎಡಕ್ಕೆ ಹೊರಳಿಸಿದಾಗ ಬಿಳಿ ಚುಕ್ಕೆಗಳು ಚೀಲದ ತಳದಲ್ಲಿ ಉರುಳಿದವು, ಜೊತೆಗೆ ಅವುಗಳ ನೆರಳೂ ಸರಿಯಿತು. ಒಂದು ಮಾತ್ರ ಚೀಲದ ಕತ್ತಿನಲ್ಲಿ ಸಿಕ್ಕಿಕೊಂಡು ಅಲ್ಲಾಡಲೇ ಇಲ್ಲ. ಪ್ರೋಬ್ ಚೀಲದ ಮೇಲೇ ಒತ್ತಿದಾಗ ಅವ್ವ ಚೀರಿದಳು. ಆ ಜಾಗದಲ್ಲೇ ಜೋರು ನೋವಾದರೆ ಅದು ಪಿತ್ತಕೋಶದ ಊತಕ್ಕೆ ದೊಡ್ಡ ಗುರುತಂತೆ.

ಸಣ್ಣ ತೂತಿನಲ್ಲಿ ಮುಗಿಯಬೇಕಿದ್ದ ಆಪರೇಷನ್ ಊತ ಜಾಸ್ತಿಯಾಗಿ ಹೊಟ್ಟೆ ಕೊಯ್ದು ಮಾಡುವಂತಾಯಿತು. ಆ ವರ್ಷದ ಕಬ್ಬಿನ ಬಿಲ್ಲು ಅದಕ್ಕೇ ಹೋಯಿತು. ದುಡ್ಡು ಬಿಡಿ, ಅವ್ವ ಎದ್ದು ರೊಟ್ಟಿ ಬಡಿಯುವಷ್ಟು ಚೇತರಿಸಿಕೊಳ್ಳಲು ಬಹಳ ದಿನ ಬೇಕಾಯಿತು. ಅಷ್ಟೂ ದಿನ ಬಾಗಲಕೋಟೆಯ ಮಷಿನ್ನನ್ನು ಬೈದುಕೊಂಡಿದ್ದೆ. ಆ ಡಾಕ್ಟರ್ ಕೇಳಬೇಕಾದ್ದನ್ನು ಕೇಳಿದ್ದರು, ಕಂಡದ್ದನ್ನು ಕಂಡಂತೆ ಬರೆದಿದ್ದರು.

ಸಿಟಿ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿಯೇ ಇದೆ. ಪಿತ್ತದ ಕಲ್ಲು ಹುಡುಕಲು ಮೊದಲ ಪರೀಕ್ಷೆ ಅಲ್ಟ್ರಾಸೌಂಡೇ. ಸಿಟಿ ನೋಡುವುದು ಎಕ್ಸ್‌ರೇಯಿಂದ. ಕೊಲೆಸ್ಟ್ರಾಲ್‌ನ ಕಲ್ಲು ಎಷ್ಟೋ ಸಲ ಆ ಎಕ್ಸ್‌ರೇ ಕಣ್ಣಿಗೆ ಪಿತ್ತರಸದಷ್ಟೇ ಗಟ್ಟಿಯಾಗಿ ಕಾಣುತ್ತದೆ, ಸಿಟಿಯಲ್ಲಿ ತಪ್ಪಿಹೋಗಬಹುದು. ದುಬಾರಿ ಪರೀಕ್ಷೆಯೇ ಒಳ್ಳೆಯ ಪರೀಕ್ಷೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಡಾಕ್ಟರ್ ಬೇರೆ ಕಾರಣಕ್ಕೆ ಸಿಟಿ ಬರೆದುಕೊಟ್ಟರೆ ಮಾಡಿಸಿ, ನೀವಾಗಿ ಹೋಗಬೇಡಿ.

ಅದೇ ಊರಲ್ಲಿ, ಬೇಕಾದರೆ ಅದೇ ಮಷಿನ್‌ನಲ್ಲಿ ಮತ್ತೆ ಮಾಡಿಸಿ. ಬೆಳಗಿನ ಮೊದಲ ನಂಬರ್ ಕೇಳಿ. ಹಿಂದಿನ ರಾತ್ರಿ ಬೇಗ, ಎಣ್ಣೆ ಕಡಿಮೆ ಇರುವ ಊಟ. ಆಮೇಲೆ 6ರಿಂದ 8 ತಾಸು ಏನೂ ಬೇಡ. ಹಾಲಿನ ಚಹಾ ಬೇಡವೇ ಬೇಡ. ನೀರು ಕುಡಿಯಬಹುದಾ ಅಂತ ಸೆಂಟರ್‌ನವರನ್ನೇ ಕೇಳಿ. ದಾರಿಯಲ್ಲಿ ಏನಾದರೂ ಬಾಯಿಗೆ ಹೋಗಿದ್ದರೆ ಮುಚ್ಚಿಡದೆ ಹೇಳಿ, ನಾಳೆ ಬನ್ನಿ ಅಂದರೆ ನಾಳೆ ಹೋಗಿ. ಹಳೆಯ ರಿಪೋರ್ಟೂ ಕೈಯಲ್ಲಿರಲಿ.

ಜ್ವರ ಬಂದರೆ, ಕಣ್ಣು ಹಳದಿಯಾದರೆ, ನೋವು ತಡೆಯಲಾಗದಿದ್ದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ. ತಿಂದಿದ್ದರೂ ಸರಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ತಂದೆಗೆ ಸಕ್ಕರೆ ಕಾಯಿಲೆ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಬೆಳಗಿನ ಗುಳಿಗೆ, ಇನ್ಸುಲಿನ್ ಏನು ಮಾಡಬೇಕು ಅಂತ ಹಿಂದಿನ ದಿನವೇ ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಳ್ಳಿ.