ಏಕಶೃಂಗಿಯ ಕೊಂಬು ಯಾರ ಹಲ್ಲು?

ಪ್ರಶ್ನೆ: ಮಾಂತ್ರಿಕರ ಕಥೆಗಳಲ್ಲಿ ವಿಷ ಇಳಿಸುವ ಮದ್ದನ್ನು ಕುದಿಸುವಾಗಲೆಲ್ಲ ಏಕಶೃಂಗಿಯ, ಅಂದರೆ ಯೂನಿಕಾರ್ನಿನ, ಕೊಂಬಿನ ಪುಡಿ ಬೇಕಾಗುತ್ತದೆ. ಇದು ಕಥೆಗಾರರು ಕಟ್ಟಿದ್ದೋ, ಅಥವಾ ಅಂಥ ವಸ್ತುವನ್ನು ಯಾರಾದರೂ ನಿಜವಾಗಿ ಕೊಂಡು ಬಳಸಿದ್ದರೋ? ನಾನೂ ಇಂಥದೊಂದು ಕಥೆ ಬರೆಯುತ್ತಿದ್ದೇನೆ. ಆ ಪುಡಿ ಬಹಳ ಅಪರೂಪದ್ದು ಎಂದು ಪದೇ ಪದೇ ಹೇಳಿದ್ದರೂ ಓದಿದ ಗೆಳೆಯರಿಗೆ ಹಾಗೆ ಅನ್ನಿಸಲಿಲ್ಲವಂತೆ. ಏನು ಮಾಡಲಿ?

ಉತ್ತರ: ಕೊಂಡಿದ್ದರು, ಬಳಸಿದ್ದರು, ಅದಕ್ಕಾಗಿ ರಾಜರು ಬೊಕ್ಕಸವನ್ನೇ ಸಡಿಲಿಸಿದ್ದರು. ಆ ಕೊಂಬು ಏಕಶೃಂಗಿಯದಾಗಿರಲಿಲ್ಲ, ಅಷ್ಟೆ.

ಕ್ರಿ.ಪೂ. 400ರ ಸುಮಾರಿಗೆ, ಪರ್ಷಿಯಾದ ಅರಮನೆಯಲ್ಲಿ ವೈದ್ಯನಾಗಿದ್ದ ಕ್ಟೀಸಿಯಸ್ ಎಂಬ ಗ್ರೀಕನು ಭಾರತದ ಬಗ್ಗೆ ಒಂದು ಗ್ರಂಥ ಬರೆದನು. ಅಲ್ಲಿನ ಕಾಡುಕತ್ತೆಗಳ ಹಣೆಯ ಮೇಲೆ ಒಂದೂವರೆ ಮೊಳದ ಒಂಟಿ ಕೊಂಬಿರುತ್ತದೆ, ಅದರಿಂದ ಮಾಡಿದ ಬಟ್ಟಲಲ್ಲಿ ಕುಡಿದವರಿಗೆ ವಿಷವೂ ತಾಕದು, ಅಪಸ್ಮಾರವೂ ಬಾರದು ಎಂದು ಅದರಲ್ಲಿ ಹೇಳಿದನು. ಅವನು ಭಾರತಕ್ಕೆ ಬಂದವನಲ್ಲ, ಬಂದುಹೋದವರ ಬಾಯಿಂದ ಕೇಳಿ ಬರೆದವನು. ಒಂಟಿಕೊಂಬಿನ ಘೇಂಡಾಮೃಗವೇ ಬಾಯಿಂದ ಬಾಯಿಗೆ ಸಾಗುತ್ತ ಕತ್ತೆಯಾಗಿರಬೇಕು, ಮುಂದೆ ಯುರೋಪಿನಲ್ಲಿ ಬಿಳಿಯ ಕುದುರೆಯಾಗಿರಬೇಕು ಎಂಬ ಊಹೆ ನನಗೂ ಒಪ್ಪಿಗೆಯಾಗುತ್ತದೆ. 1617ರಲ್ಲಿ ಲಂಡನ್ನಿನ ಔಷಧ ತಯಾರಕರ ಸಂಘಕ್ಕೆ ದೊರೆತ ಲಾಂಛನದಲ್ಲಿ ಇಕ್ಕೆಲಗಳಲ್ಲಿ ಏಕಶೃಂಗಿಗಳು ನಿಂತಿದ್ದರೆ ನೆತ್ತಿಯ ಮೇಲೆ ಘೇಂಡಾಮೃಗವಿದೆ. ಮೂಲ ಮತ್ತು ಕಥೆ ಎರಡೂ ಒಂದೇ ಚಿತ್ರದಲ್ಲಿ ಸೇರಿಕೊಂಡ ಸೊಗಸು ಅದು.

ಕೊಂಡವರ ಕೈಗೆ ಬರುತ್ತಿದ್ದುದು ಮಾತ್ರ ಸಾಮಾನ್ಯವಾಗಿ ನಾರ್ವಾಲ್ ಎಂಬ ಆರ್ಕ್ಟಿಕ್ ಕಡಲಿನ ತಿಮಿಂಗಿಲದ ಹಲ್ಲು. ಹೆಚ್ಚಾಗಿ ಗಂಡು ನಾರ್ವಾಲ್‌ಗಳಲ್ಲಿ, ಮೇಲ್ದವಡೆಯ ಎಡಗಡೆಯ ಕೋರೆಹಲ್ಲು ತುಟಿಯನ್ನು ಸೀಳಿಕೊಂಡು ಹೊರಬಂದು, ಎಡಕ್ಕೆ ಹುರಿಗೊಳ್ಳುತ್ತ ನೇರವಾಗಿ ಮುಂದಕ್ಕೆ ಬೆಳೆಯುತ್ತದೆ. ಉದ್ದ 3 ಮೀಟರಿನವರೆಗೂ ಹೋಗಬಹುದು. ಚಿತ್ರಗಳಲ್ಲಿ ಏಕಶೃಂಗಿಯ ಕೊಂಬು ಹಗ್ಗದಂತೆ ಹುರಿಗೊಂಡಿರುವುದು ಈ ಹಲ್ಲಿನಿಂದಲೇ. ಬೇಟೆಯಾಡಿದವರಿಗೆ ಅದು ಯಾವ ಪ್ರಾಣಿಯದೆಂದು ಗೊತ್ತಿತ್ತು; ಆದರೆ ಉತ್ತರದ ಹಿಮದಿಂದ ದಕ್ಷಿಣದ ಅರಮನೆಗೆ ಬರುವಷ್ಟರಲ್ಲಿ ಸರಕು ಹಲವು ಕೈ ದಾಟುತ್ತಿತ್ತು, ಸುದ್ದಿ ನಡುದಾರಿಯಲ್ಲೇ ಉಳಿಯುತ್ತಿತ್ತು.

ನಿಮ್ಮ ಕಥೆಗೆ ಹೆಚ್ಚು ಉಪಯೋಗಕ್ಕೆ ಬರುವುದು ಅಸಲಿ ಕೊಂಬನ್ನು ಗುರುತಿಸಲು ಅವರು ನಡೆಸುತ್ತಿದ್ದ ಪರೀಕ್ಷೆಗಳು. ನೀರಿನಲ್ಲಿ ಮುಳುಗಿಸಿದರೆ ಅಸಲಿ ಕೊಂಬಿನಿಂದ ಗುಳ್ಳೆಗಳೇಳಬೇಕು. ಅದರಿಂದ ನೆಲದ ಮೇಲೆ ಗೆರೆ ಎಳೆದು ಸುತ್ತು ಹಾಕಿದರೆ ಒಳಗಿನ ಜೇಡ ಆ ಗೆರೆಯನ್ನು ದಾಟಬಾರದು. 1577ರಲ್ಲಿ ಮಾರ್ಟಿನ್ ಫ್ರೋಬಿಶರನ ಹಡಗಿನವರಿಗೆ ಇಂದಿನ ಕೆನಡಾದ ಉತ್ತರದ ತೀರದಲ್ಲಿ ಸತ್ತುಬಿದ್ದ ನಾರ್ವಾಲ್ ಒಂದು ಸಿಕ್ಕಿತು. ಕೋರೆಯ ಟೊಳ್ಳಿನೊಳಗೆ ಜೇಡಗಳನ್ನು ಬಿಟ್ಟಾಗ ಅವು ಕೂಡಲೇ ಸತ್ತವೆಂದು ಆ ಪಯಣದ ವೃತ್ತಾಂತ ಹೇಳುತ್ತದೆ. ಬರೆದವನು ತಾನು ಅದನ್ನು ಕಣ್ಣಾರೆ ಕಾಣಲಿಲ್ಲವೆಂದೂ ಪ್ರಾಮಾಣಿಕವಾಗಿ ಸೇರಿಸಿದ್ದಾನೆ. ಕೋರೆ ಮೊದಲನೆಯ ಎಲಿಜಬೆತ್ ರಾಣಿಗೆ ಕಾಣಿಕೆಯಾಗಿ ಹೋಯಿತು. ಇತ್ತ ಫ್ರಾನ್ಸಿನಲ್ಲಿ, ರಾಜರ ಶಸ್ತ್ರವೈದ್ಯನಾಗಿದ್ದ ಆಂಬ್ರುವಾಜ್ ಪಾರೆ 1582ರ ತನ್ನ ಗ್ರಂಥದಲ್ಲಿ ಈ ಪರೀಕ್ಷೆಗಳನ್ನೆಲ್ಲ ಬಿಡಿಸಿ ನೋಡಿದನು. ಸಣ್ಣ ರಂಧ್ರಗಳಿರುವ ಯಾವ ಕೊಂಬನ್ನು ಮುಳುಗಿಸಿದರೂ ಒಳಗಿನ ಗಾಳಿ ಹೊರಟು ಗುಳ್ಳೆ ಏಳುತ್ತದೆ ಎಂದನು. ವಿಷಜಂತುವೆಂದು ಆಗ ನಂಬಿದ್ದ ನೆಲಗಪ್ಪೆಯನ್ನು ಕೊಂಬು ನೆನೆಸಿದ ನೀರಿನಲ್ಲಿ ಇಟ್ಟು ನೋಡಿದರೆ, ಅದು ಮೂರು ದಿನಗಳಾದರೂ ಬಿಟ್ಟಾಗಿನಷ್ಟೇ ಚುರುಕಾಗಿತ್ತು ಎಂದೂ ಬರೆದನು.

1638ರಲ್ಲಿ ಡೆನ್ಮಾರ್ಕಿನ ವೈದ್ಯ ಓಲೆ ವೋರ್ಮ್, ಕೋರೆ ಕಳಚದೆ ಉಳಿದಿದ್ದ ನಾರ್ವಾಲ್ ತಲೆಬುರುಡೆಯನ್ನು ಮುಂದಿಟ್ಟು, ಏಕಶೃಂಗಿಯ ಕೊಂಬೆಂದು ಮಾರಾಟವಾಗುತ್ತಿರುವುದು ಇದೇ ಎಂದು ತೋರಿಸಿಕೊಟ್ಟನು. ಅಷ್ಟಕ್ಕೇ ವ್ಯಾಪಾರ ಮುಗಿಯಿತೆಂದು ತಿಳಿಯಬೇಡಿ. ವಿಷಕ್ಕೆ ಆ ಪುಡಿ ಮದ್ದಾದೀತು ಎಂಬ ನಂಬಿಕೆಯನ್ನು ವೋರ್ಮನೇ ಪೂರ್ತಿ ಬಿಟ್ಟಿರಲಿಲ್ಲ. ಅದೇ ಡೆನ್ಮಾರ್ಕಿನ ಅರಸರು 1662ರಿಂದ 1671ರ ನಡುವೆ ನಾರ್ವಾಲ್ ಕೋರೆಗಳಿಂದ ಸಿಂಹಾಸನವನ್ನು ಮಾಡಿಸಿಕೊಂಡರು. ಕೋಪನ್‌ಹೇಗನ್ನಿನ ರೋಸೆನ್‌ಬೋರ್ಗ್ ಅರಮನೆಯಲ್ಲಿ ಅದು ಇಂದಿಗೂ ಇದೆ.

ಇನ್ನು ನಿಮ್ಮ ಕಥೆ. 'ಅಪರೂಪ' ಎಂಬ ಮಾತನ್ನು ಹಸ್ತಪ್ರತಿಯಿಂದ ಪೂರ್ತಿ ಹೊಡೆದುಹಾಕಿ. ಅದರ ಕೆಲಸವನ್ನು ಅನುಮಾನಕ್ಕೆ ವಹಿಸಿ. ಮದ್ದು ಕುದಿಸುವವಳು ಪುಡಿಯನ್ನು ಕೊಳ್ಳುವ ಮೊದಲು ಹೇಗೆ ಪರೀಕ್ಷಿಸುತ್ತಾಳೆ? ಆ ಪರೀಕ್ಷೆಯನ್ನು ಆಕೆ ಎಷ್ಟು ನಂಬುತ್ತಾಳೆ? ಚಿಟಿಕೆ ಪುಡಿಗಾಗಿ ಕೊಂಬನ್ನು ಅರದಿಂದ ಉಜ್ಜುವಾಗ ನೆಲಕ್ಕೆ ಉದುರಿದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆದುಕೊಳ್ಳುತ್ತಾಳೆಯೇ? ಇಂಥ ಒಂದು ಸಣ್ಣ ಕ್ರಿಯೆಯಿಂದ ಬೆಲೆ ತಿಳಿಯುತ್ತದೆ, ಮೊತ್ತ ಹೇಳಬೇಕಾಗಿಲ್ಲ. ಪ್ರಾಣಿಯನ್ನು ಕೊಂದವನನ್ನೂ ಒಮ್ಮೆ ಕಥೆಯೊಳಗೆ ಕರೆತನ್ನಿ. ಕೊಂಬಿನ ಗುಟ್ಟು ಅವನೊಬ್ಬನಿಗೇ ಗೊತ್ತು. ಹೇಳಿದರೆ ಅವನ ಹೊಟ್ಟೆಪಾಡಿಗೇ ಕುತ್ತು. ಏಕಶೃಂಗಿಯ ಹೆಸರನ್ನೇ ಇಟ್ಟುಕೊಳ್ಳುವ ಅಗತ್ಯವೂ ಇಲ್ಲ. ನೀವೇ ಒಂದು ಪ್ರಾಣಿಯನ್ನು ಕಟ್ಟಿದರೆ, ಅದರ ಕೊಂಬು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ಕುತೂಹಲವನ್ನು ಕೊನೆಯವರೆಗೂ ಕಾಯ್ದುಕೊಳ್ಳಬಹುದು.

ಪ್ರಶ್ನೆ: ಹಾಗಾದರೆ ಇಂಥದೇ ಮದ್ದುಗಳಲ್ಲಿ ಬರುವ 'ಡ್ರ್ಯಾಗನ್ ರಕ್ತ' ಯಾವ ಪ್ರಾಣಿಯದು?

ಉತ್ತರ: ಯಾವ ಪ್ರಾಣಿಯದೂ ಅಲ್ಲ. ಆನೆಗೂ ಮಹಾಸರ್ಪಕ್ಕೂ ಕಾಳಗವಾದಾಗ ಎರಡರ ನೆತ್ತರೂ ಬೆರೆತು ಆ ಕೆಂಪು ವಸ್ತು ಹುಟ್ಟುತ್ತದೆ ಎಂದು 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ವಾಸ್ತವದಲ್ಲಿ ಈ ಹೆಸರಿನಿಂದ ಮಾರಾಟವಾಗುವುದು ಮರದ ರಾಳ. ಯೆಮನ್ ದೇಶಕ್ಕೆ ಸೇರಿದ ಸೊಕೋಟ್ರಾ ದ್ವೀಪದಲ್ಲಿ ಕೊಡೆ ಬಿಚ್ಚಿದಂತೆ ಬೆಳೆಯುವ ಡ್ರಸೀನಾ ಮರದ ತೊಗಟೆಗೆ ಕಚ್ಚು ಹಾಕಿದರೆ ಅದು ಕೆಂಪಗೆ ಒಸರಿ ಗಟ್ಟಿಯಾಗುತ್ತದೆ. ಬಣ್ಣಕ್ಕೂ ಪಿಟೀಲಿನ ಮೆರುಗೆಣ್ಣೆಗೂ ಅದನ್ನು ಬಳಸುತ್ತ ಬಂದಿದ್ದಾರೆ.